ಸೊಲ್ಲು ಹಿಡಿಯುವವಳು

ಕೆನ್ಮೋರ್
ಮೇ ಹನ್ನೊಂದು, ಸೋಮವಾರ

ಸೌ|| ನಂಜಮಣಿಗೆ ಅಕ್ಕ ಅನಸೂಯ ಬೈದು ಬರೆಯುವುದೇನೆಂದರೆ,

ನಿನ್ನ ಬುದ್ಧಿಗೆ ಮಂಕು ಕವಿದಿದೆ. ಮೊದಲು ಅದನ್ನು ಒಪ್ಪಿಕೋ, ಆಮೇಲೆ ಮುಂದಕ್ಕೆ ಓದು. ಹೆಸರಿನ ಮುಂದೆ ಸೌ|| ಅಂತ ಇರುವುದನ್ನು ನೋಡಿ ಹುಬ್ಬು ಹಾರಿಸಿದ್ದೀಯ ಅಂತ ನನಗೆ ಗೊತ್ತು. ನಿನ್ನ ಗಂಡ ಬದುಕಿದ್ದಾಗ ಹಾಗೇ ಬರೆಯುತ್ತಿದ್ದೆ, ಈಗಲೂ ಹಾಗೇ ಬರೆಯುತ್ತೇನೆ. ಭಾಗ್ಯವೆಲ್ಲ ಅವನೊಬ್ಬನ ಜೇಬಿನಲ್ಲಿ ಇರಲಿಲ್ಲ, ಹೋಗುವಾಗ ಜೊತೆಯಲ್ಲಿ ತೆಗೆದುಕೊಂಡು ಹೋಗಲಿಕ್ಕೆ.

ಈ ಕಾಗದ ಬಿಚ್ಚಿದವಳು ಸೊಸೆ ಅನುಷಾ ಆಗಿದ್ದರೆ, ತಾಯೀ, ಇಲ್ಲಿಗೇ ನಿಲ್ಲಿಸಿ, ಮಡಿಸಿ, ನಿನ್ನ ಅತ್ತೆಯ ಕೈಗೆ ಕೊಡು. ಕನ್ನಡ ಓದಲು ಬರುವುದಿಲ್ಲ ಅನ್ನುತ್ತೀಯ. ಆದರೆ ಬೈಗುಳ ಎಲ್ಲರಿಗೂ ಓದಲು ಬರುತ್ತದೆ.

ನಾನಿರುವ ಕೆನ್ಮೋರಿನಿಂದ ನೀನಿರುವ ಕೆಂಟಿಗೆ ಕಾರಿನಲ್ಲಿ ಒಂದು ಗಂಟೆಯ ದಾರಿ. ಆದರೂ ಅಂಚೆಯಲ್ಲಿ ಕಾಗದ ಹಾಕುತ್ತಿದ್ದೇನೆ. ನಿನಗೂ ನನಗೂ ಕಾರು ಓಡಿಸಲು ಬರುವುದಿಲ್ಲ, ಬರುವವರಿಗೆ ಬಿಡುವಿಲ್ಲ. ಫೋನು ಮಾಡಿದರೆ ನೀನು ಅದನ್ನು ಸ್ಪೀಕರಿಗೆ ಹಾಕಿ ಕುಕ್ಕರಿನ ಪಕ್ಕದಲ್ಲಿ ಇಡುತ್ತೀಯ. ನಾನು ಹೇಳಿದ್ದನ್ನು ನಿನ್ನ ಮಗ ಸುಪ್ರೀತ ಕೇಳುತ್ತಾನೆ, ಸೊಸೆ ಕೇಳುತ್ತಾಳೆ, ಕುಕ್ಕರು ಕೇಳುತ್ತದೆ, ನೀನೊಬ್ಬಳು ಮಾತ್ರ ಕೇಳುವುದಿಲ್ಲ.

ಹೋದ ಭಾನುವಾರ ನೀನು ಫೋನಿನಲ್ಲಿ ಆಡಿದ ಮಾತು ನೆನಪಿದೆಯೋ ಇಲ್ಲವೋ, ನನಗಿದೆ. 'ಅಕ್ಕಾ, ಗಂಡನ್ನ ಕಳ್ಕೊಂಡೋರು ನಾವಿಬ್ರೂ ಮದ್ವೆ ಹಸೆ ಮುಂದೆ ಬಾಯಿ ಬಿಡೋದು ಬ್ಯಾಡ. ಮಗೀಗೆ ಒಳ್ಳೇದಾಗಲ್ಲ. ಭಾನು ಯೂಟ್ಯೂಬ್‌ನಲ್ಲಿ ಪದ ಹಾಕ್ತಾಳಂತೆ, ಹಾಕ್ಲಿ ಬಿಡು' ಅಂದೆ. ಈ ಕಡೆ ನನ್ನ ಮಗಳು ಭಾನುಮತಿಯ ಮುಖ ನೀನು ನೋಡಬೇಕಾಗಿತ್ತು. ಮೂರು ತಿಂಗಳಿಂದ ಅದೇ ಮಾತನ್ನು ನನಗೆ ಹೇಳಲಾರದೆ ನುಂಗಿಕೊಂಡಿದ್ದಳು. ನೀನು ಹೇಳಿಕೊಟ್ಟೆ. 'ಚಿಕ್ಕಮ್ಮನೇ ಬೇಡ ಅಂದ್ಮೇಲೆ ಇನ್ನೇನಮ್ಮ, ಮುಗೀತಲ್ಲ' ಅಂದು ಎದ್ದು ಹೋಗಿ ಲ್ಯಾಪ್‌ಟಾಪ್ ತೆರೆದಳು. ಅಳಿಯಂದಿರು ಗುರುಪ್ರಸಾದರು ಹಾಲ್‌ನವರಿಗೆ ಫೋನು ಮಾಡಿ ಸ್ಪೀಕರು ಎಷ್ಟು ದೊಡ್ಡದಿದೆ ಅಂತ ವಿಚಾರಿಸಿದರು.

ಮುಗಿದಿಲ್ಲ. ನಾನು ಬದುಕಿದ್ದೇನೆ.

ನಂಜೀ, ಮೊಮ್ಮಗಳು ಸ್ಪಂದನಾಳ ಮದುವೆ ಬರುವ ತಿಂಗಳು, ವುಡಿನ್‌ವಿಲ್ಲಿನಲ್ಲಿ. ದ್ರಾಕ್ಷಿ ಹಿಂಡಿ ಹೆಂಡ ಮಾಡುವ ಊರು. ಹಾಲ್‌ನ ಕಿಟಕಿಯಿಂದ ನೋಡಿದರೆ ಪೀಪಾಯಿ ಕಾಣುತ್ತದೆ. ಅದರಿಂದ ಯಾರಿಗೂ ಅಪಶಕುನವಾಗಿಲ್ಲ. ಗಂಡಿನ ಕಡೆಯವರಿಗೆ ಫೋಟೋ ಚೆನ್ನಾಗಿ ಬರುತ್ತದಂತೆ. ಪೀಪಾಯಿ ಆಗಬಹುದು, ಅಜ್ಜಿಯ ಗಂಟಲು ಆಗಬಾರದು. ಇದು ಯಾವ ಊರ ನ್ಯಾಯ?

ನಮ್ಮ ಚುಂಚನಕಟ್ಟೆ ಕಡೆಯ ಪದ್ಧತಿ ನಿನಗೆ ನಾನು ಹೇಳಬೇಕಾಗಿಲ್ಲ, ಆದರೂ ನೀನು ಮರೆತಿರುವುದರಿಂದ ಹೇಳುತ್ತೇನೆ. ಹಸೆ ಬರೆದು, ಮಣೆ ಹಾಕಿದ ಮೇಲೆ, ಹೆಣ್ಣು ತಾನಾಗಿ ಎದ್ದು ಬಂದು ಕೂರುವ ಹಾಗಿಲ್ಲ. ಪದ ಹೇಳಿ ಕರೆಯಬೇಕು. ಒಬ್ಬಳು ಪದ ಹೇಳಬೇಕು, ಅವಳು ಬಿಟ್ಟ ಸಾಲನ್ನು ಎತ್ತಿಕೊಂಡು ಇನ್ನೊಬ್ಬಳು ಸೊಲ್ಲು ಹಿಡಿಯಬೇಕು. ನೀನು ಹೇಳುವವಳು, ನಾನು ಹಿಡಿಯುವವಳು. ಒಂದು ಕಾಲದಲ್ಲಿ ನಮ್ಮೂರಿನಲ್ಲಿ ನಾವಿಬ್ಬರೂ ಕರೆಯದೆ ಒಂದು ಹೆಣ್ಣೂ ಹಸೆಗೆ ಬರುತ್ತಿರಲಿಲ್ಲ. ನಮ್ಮನ್ನು ಎತ್ತಿನಗಾಡಿ ಕಳಿಸಿ ಕರೆಸಿಕೊಳ್ಳುತ್ತಿದ್ದರು, ವೀಳ್ಯ ಕೊಟ್ಟು ಕೂರಿಸುತ್ತಿದ್ದರು.

ಈಗ ಆ ಜಾಗದಲ್ಲಿ ಯೂಟ್ಯೂಬಂತೆ. ಸರಿ, ಒಂದು ಮಾತು ಕೇಳುತ್ತೇನೆ, ಉತ್ತರ ಹೇಳು. ಆ ಯೂಟ್ಯೂಬಿನಲ್ಲಿ ಹಾಡಿರುವವಳ ಗಂಡ ಇದ್ದಾನೋ ಸತ್ತಿದ್ದಾನೋ, ವಿಚಾರಿಸಿಕೊಂಡು ಬಂದೆಯಾ? ಸ್ಪೀಕರಿಗೆ ತಾಳಿ ಕಟ್ಟಿದ್ದಾರಾ? ಹಾಡಿದಾಗ ಮುತ್ತೈದೆಯಾಗಿದ್ದು ಆಮೇಲೆ ಗಂಡ ಸತ್ತರೆ, ಆ ಹಾಡು ಇದ್ದಲ್ಲೇ ಮೈಲಿಗೆಯಾಗುತ್ತದೋ? ಇದನ್ನು ಭಾನುವಿಗೆ ಕೇಳಿದೆ. 'ಅಮ್ಮ, ಪ್ಲೀಸ್, ಲಾಜಿಕ್ ಬೇಡ' ಅಂದಳು. ಕಾಲೇಜು ಓದಿಸಿದ್ದಕ್ಕೆ ಇಷ್ಟು ಫಲ.

ರೆಕಾರ್ಡಿಂಗ್ ಅಂದರೆ ಏನಂತ ಗೊತ್ತಿಲ್ಲದೆ ಮುದುಕಿ ಮಾತಾಡುತ್ತಿದ್ದಾಳೆ ಅಂದುಕೊಳ್ಳಬೇಡ. ನಾನು ಕಣ್ಣಾರೆ ನೋಡಿ ಬಂದಿದ್ದೇನೆ. ಅದನ್ನು ಹೇಳಲಿಕ್ಕೇ ಕೂತಿದ್ದೇನೆ, ಓದು.

ಸ್ಪಂದನಾ ಒಂದು ಗುಂಪಿನಲ್ಲಿ ಹಾಡುತ್ತಾಳಲ್ಲ, ಬ್ಯಾಲರ್ಡಿನಲ್ಲಿ. ಫಿನ್‌ಲ್ಯಾಂಡ್ ಅಂತ ಒಂದು ದೇಶದ ಹಾಡು. ಆ ದೇಶದಿಂದ ಹಿಂದೆ ಮರ ಕಡಿಯಲು ಇಲ್ಲಿಗೆ ಬಂದವರ ಮೊಮ್ಮಕ್ಕಳು ಅರ್ಧ ಜನ, ಮಿಕ್ಕವರು ಇವಳ ಹಾಗೆ ಬಂದು ಸೇರಿಕೊಂಡವರು. ಹಳೆಯ ಕಾಲದ ಹಾಡೂ ಅಲ್ಲ, ಈಗಿನವರೇ ಕಟ್ಟಿದ್ದು. ವಾದ್ಯವಿಲ್ಲ, ಶ್ರುತಿಪೆಟ್ಟಿಗೆಯಿಲ್ಲ, ಬರೀ ಬಾಯಿ. ಕಲಿಯಲಿಕ್ಕೆ ಅಂತ ಆ ದೇಶದ ಗುಂಪುಗಳು ಹಾಡಿದ ಸಿ.ಡಿ.ಗಳನ್ನು ಕಾರಿನಲ್ಲಿ ಹಾಕಿಕೊಂಡು ಓಡಾಡುತ್ತಾಳೆ. ಪಕ್ಕದ ಸೀಟಿನಲ್ಲಿ ನಾನು.

ಮೊದಲ ದಿನ ಕೇಳಿದಾಗ, ಇದೇನೇ ಹಲ್ಲುನೋವು ಬಂದವರನ್ನೆಲ್ಲ ಒಂದು ಕೋಣೆಯಲ್ಲಿ ಕೂಡಿಹಾಕಿದ್ದಾರಾ ಅಂದೆ. ನಕ್ಕಳು, ನಿಲ್ಲಿಸಲಿಲ್ಲ. ಒಬ್ಬರು ಒಂದು ಸ್ವರ ಹಿಡಿದು ಅಲ್ಲಾಡದೆ ನಿಲ್ಲುತ್ತಾರೆ. ಇನ್ನೊಬ್ಬರು ಅದರ ಪಕ್ಕಕ್ಕೇ ಬಂದು, ಮೈಗೆ ಮೈ ತಾಗಿಸಿಕೊಂಡು ನಿಂತ ಹಾಗೆ, ಇನ್ನೊಂದು ಸ್ವರ ಹಿಡಿಯುತ್ತಾರೆ. ಎರಡೂ ಜಗಳವಾಡುತ್ತವೆ. ಆಮೇಲೆ ಯಾರೋ ಕೆಳಗಿನಿಂದ ಗಂಡಸರು ಗುಂಯ್ ಅಂತ ಬರುತ್ತಾರೆ, ಜೇನು ಎದ್ದ ಹಾಗೆ. ಒಂದು ಹಾಡಿನಲ್ಲಿ ಎಲ್ಲರೂ ಪಿಸುಗುಟ್ಟುತ್ತಾರೆ, ಒಂದರಲ್ಲಿ ನಾಲಿಗೆಯಿಂದ ಲೊಟಕ್ ಲೊಟಕ್ ಅನ್ನಿಸುತ್ತಾರೆ. ಕೇಳುತ್ತಾ ಕೇಳುತ್ತಾ ಆ ಜಗಳವೇ ನನಗೆ ರುಚಿ ಹತ್ತಿತು. ಭಾಷೆ ಮಾತ್ರ ಮೊದಲಿನಿಂದಲೂ ಇಷ್ಟವಾಯಿತು. ಇಂಗ್ಲಿಷಿನವರ ಹಾಗೆ ಅರ್ಧ ಅಕ್ಷರ ನುಂಗುವುದಿಲ್ಲ. ದೀರ್ಘವಿದ್ದರೆ ದೀರ್ಘ, ಒತ್ತಿದ್ದರೆ ಒತ್ತು, ನಮ್ಮ ಹಾಗೇ.

ಅವರಲ್ಲಿ ದೇವರ ಪದ ಬೇರೆ, ಮನೆಯ ಪದ ಬೇರೆ. ಒಂದೇ ಸಿ.ಡಿ.ಯಲ್ಲಿ ಎರಡನ್ನೂ ಬೆರೆಸಿ ಹಾಕಿರುತ್ತಾರೆ. ಯಾವುದು ಯಾವುದು ಅಂತ ಸ್ಪಂದನಾ ನನಗೆ ಪರೀಕ್ಷೆ ಇಟ್ಟಳು. ಅಷ್ಟೂ ಗೊತ್ತಾಗುವುದಿಲ್ಲವೇ, ಹಾಡಿ ಹಾಡಿ ನೆರೆತ ತಲೆ ಇದು ಅಂದೆ. ಒಂದು ಹಾಡು ಬಂತು, ಎಷ್ಟು ಮೆಲ್ಲಗೆ, ಎಷ್ಟು ಭಕ್ತಿಯಿಂದ. ಕಾರಿನಲ್ಲೇ ಕೈ ಮುಗಿದೆ. ಅದು ಕೆರೆಯ ದಂಡೆಯ ಸೊಳ್ಳೆಯ ಮೇಲೆ ಕಟ್ಟಿದ ಹಾಡಂತೆ! ಇನ್ನೊಂದು ಬಂತು, ತೊಡೆ ತಟ್ಟುತ್ತಾ ಮಗುವನ್ನು ಮಲಗಿಸುವುದು ಅಂದೆ. ಅದು ಸತ್ತವರಿಗೆ ಹೇಳುವ ಪ್ರಾರ್ಥನೆ. ಕಾಲು ಕುಟ್ಟಿ ಹೋ ಹೋ ಅನ್ನುವುದೊಂದು, ಒಕ್ಕಣೆಯ ಕಣದ ಪದ ಅಂದೆ. ಅದು ದೇವರನ್ನು ಹೊಗಳುವುದು. 'ಅಜ್ಜಿ, ನಿಂಗೆ ಝೀರೋ ಮಾರ್ಕ್ಸ್' ಅಂದು ಸಿಗ್ನಲ್ಲಿನಲ್ಲಿ ಸ್ಟೇರಿಂಗ್ ಬಡಿದುಕೊಂಡು ನಕ್ಕಳು.

ನನಗೆ ನಗು ಬರಲಿಲ್ಲ ಕಣೇ. ಯೋಚನೆ ಬಂತು. ಸಾವಿನ ಹಾಡಿಗೆ ನಾನು ತೊಡೆ ತಟ್ಟಿದ್ದೇನೆ, ಸೊಳ್ಳೆಗೆ ಕೈ ಮುಗಿದಿದ್ದೇನೆ. ಮಂಗಳ ಯಾವುದು ಅಮಂಗಳ ಯಾವುದು ಅಂತ ಕಿವಿಗೆ ಗೊತ್ತಾಗುವುದೇ ಇಲ್ಲ. ಯಾರೋ ಹೇಳಿದ ಮೇಲೆ ಗೊತ್ತಾಗುವುದು. ಹಾಗಾದರೆ ನಮಗೆ ಹೇಳಿದವರು ಯಾರು?

ಇರಲಿ. ಮಾರ್ಚಿಯಲ್ಲಿ ಅವರದೇ ಸಿ.ಡಿ. ಮಾಡಲು ಶುರು ಮಾಡಿದರು. 'ಮನೇಲಿ ಒಬ್ಳೇ ಕೂತು ಏನ್ ಮಾಡ್ತೀಯ, ಬಾ ಅಜ್ಜಿ' ಅಂತ ಮೊಮ್ಮಗಳು ಕರೆದುಕೊಂಡು ಹೋದಳು. ಚರ್ಚಿನಲ್ಲಿ. ಮೂಗು ಮುರಿಯಬೇಡ. ಹಾಡಿದ್ದು ಅಲ್ಲಿ ಗೋಡೆಗೆ ಮುಟ್ಟಿ ದುಂಡಗಾಗಿ ವಾಪಸು ಬರುತ್ತದೆ, ಅದಕ್ಕೆ ಅಲ್ಲಿ. ಎಲ್ಲರೂ ಬಾಗಿಲಲ್ಲಿ ಬೂಟು ಬಿಚ್ಚಿ ಕಾಲುಚೀಲದಲ್ಲಿ ಬಂದರು. ಪರವಾಗಿಲ್ಲವೇ, ದೇವರ ಮನೆ ಅಂತ ಮರ್ಯಾದೆ ಇದೆ ಅಂದುಕೊಂಡೆ. ಹೆಜ್ಜೆ ಸದ್ದು ಮೈಕಿಗೆ ಬೀಳಬಾರದು ಅಂತ ಬಿಚ್ಚಿದ್ದಂತೆ. ಹೀಟರು ಗೊರಗೊರ ಅನ್ನುತ್ತದೆ ಅಂತ ಅದನ್ನೂ ಆರಿಸಿಬಿಟ್ಟರು. ನನ್ನ ಜಾಕೆಟ್ಟು ಅಲ್ಲಾಡಿದರೆ ಜರಜರ ಅನ್ನುತ್ತದೆ ಅಂತ ಬಿಚ್ಚಿಸಿ, ಒಂದು ಉಣ್ಣೆ ಕಂಬಳಿ ಹೊದಿಸಿ, ಹಿಂದಿನ ಬೆಂಚಿನಲ್ಲಿ ಕೂರಿಸಿದರು. ರಾಗಿ ಮೂಟೆಯ ಹಾಗೆ ಕೂತಿದ್ದೆ.

ಹಾಡಿಸುವವಳ ಹೆಸರು ಕಿರ್ಸ್ತಿ. ನಮ್ಮ ವಯಸ್ಸಿಗಿಂತ ಸ್ವಲ್ಪ ಚಿಕ್ಕವಳು, ಬೆಳ್ಳಗೆ ನೆರೆತ ಕೂದಲನ್ನು ಹುಡುಗರ ಹಾಗೆ ಕತ್ತರಿಸಿಕೊಂಡಿದ್ದಾಳೆ. ಕೈಯೆತ್ತಿದರೆ ಸಾಕು, ಅಷ್ಟು ಜನರ ಉಸಿರು ನಿಲ್ಲುತ್ತದೆ. ಒಂದೊಂದು ಹಾಡನ್ನೂ ಹಾಡಿಸಿದಳು, ಮತ್ತೆ ಹಾಡಿಸಿದಳು, ಮತ್ತೆ. ಹೊರಗೆ ಹಡಗು ಕೂಗಿದರೆ ನಿಲ್ಲಿಸಿ ಮೊದಲಿನಿಂದ. ಪಕ್ಕದ ಕೋಣೆಯಲ್ಲಿ ರೆಕಾರ್ಡು ಮಾಡುವವನೊಬ್ಬ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೂತಿರುತ್ತಾನೆ. ಅವನಿಗೆ ಹೊಟ್ಟೆ ಗುಡುಗುಡು ಅಂದಿದ್ದೂ ಕೇಳುತ್ತದೆ.

ಅವತ್ತು ಕೊನೆಗೆ ಇಟ್ಟುಕೊಂಡಿದ್ದ ಹಾಡಿನಲ್ಲಿ ಸ್ಪಂದನಾಳೇ ಮುಂದೆ. ಅವಳೊಬ್ಬಳೇ ಒಂದು ಸಾಲು ಹೇಳಬೇಕು, ಆಮೇಲೆ ಎಲ್ಲರೂ ಎತ್ತಿಕೊಳ್ಳಬೇಕು. ನಿಂತಳು. ಹೇಳಿದಳು. ನಂಜೀ, ಹುಡುಗಿಯ ಗಂಟಲು ನಿನ್ನದೇ. ಸಾಲಿನ ತುದಿಗೆ ಬಂದಾಗ ಮೇಲಕ್ಕೆ ಕೊಂಕಿಸಿ ಬಿಡುತ್ತೀಯಲ್ಲ ನೀನು, ಹಾಗೇ ಬಿಟ್ಟಳು. ಬಿಟ್ಟ ಮೇಲೆ ಯಾರೂ ಎತ್ತಿಕೊಳ್ಳಲಿಲ್ಲ. ಎಲ್ಲರೂ ಸುಮ್ಮನೆ ನಿಂತಿದ್ದಾರೆ. ನನ್ನ ಮೊಮ್ಮಗಳು ಸೊಲ್ಲು ಕೊಟ್ಟು ಕೈ ಚಾಚಿ ನಿಂತಿದ್ದಾಳೆ, ಆ ಕೈಯನ್ನು ಹಿಡಿಯುವವರಿಲ್ಲ. ನಮ್ಮಲ್ಲಿ ಅದಕ್ಕಿಂತ ಅವಮಾನ ಇದೆಯೇ? ಒಬ್ಬಳು ಪದ ಹೇಳಿದ ಮೇಲೆ ಅದನ್ನು ನೆಲಕ್ಕೆ ಬೀಳಲು ಬಿಡುತ್ತಾರೆಯೇ?

ನಾನು ಹಿಡಿದೆ. ಕಂಬಳಿಯೊಳಗಿಂದಲೇ ಹಿಡಿದೆ. ಮಾತು ಗೊತ್ತಿಲ್ಲ, ರಾಗ ಗೊತ್ತಲ್ಲ, ನಮ್ಮ ಸೋಬಾನೆಯ 'ಸೋ' ಅಂತ ಎತ್ತಿದೆ. ಗಂಡ ಹೋದ ಮೇಲೆ ನನ್ನ ಬಾಯಿಯಿಂದ ಹಾಡು ಹೊರಗೆ ಬಂದದ್ದು ಅದೇ ಮೊದಲು. ಆ ಗೋಡೆಗಳು ಅದನ್ನು ಎತ್ತಿಕೊಂಡು ಎಲ್ಲೆಲ್ಲಿಗೋ ಹೋದವು ನೋಡು, ನಾನೇ ಬೆಚ್ಚಿದೆ.

ಎಲ್ಲರೂ ತಿರುಗಿದರು. ಸ್ಪಂದನಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಪಕ್ಕದ ಕೋಣೆಯವನು ಕಿವಿಯದನ್ನು ಕತ್ತಿಗೆ ಇಳಿಸಿಕೊಂಡು ಹೊರಗೆ ಬಂದ, ದೆವ್ವ ನೋಡಿದವನ ಹಾಗೆ. ಆ ಸುಮ್ಮನಿರುವುದೂ ಹಾಡಿನಲ್ಲೇ ಬರೆದಿದೆಯಂತೆ ಕಣೇ! ಇಷ್ಟು ಹೊತ್ತು ಸುಮ್ಮನಿರಬೇಕು, ಆಮೇಲೆ ಎತ್ತಿಕೊಳ್ಳಬೇಕು ಅಂತ. ಅವತ್ತಿನ ಎಲ್ಲದಕ್ಕಿಂತ ಚೆನ್ನಾಗಿ ಬಂದಿದ್ದ ಹಾಡನ್ನು ನಾನು ಹಾಳು ಮಾಡಿದ್ದೆ.

ಕಿರ್ಸ್ತಿ ಕಾಲುಚೀಲದಲ್ಲೇ ಹಿಂದಿನ ಬೆಂಚಿಗೆ ಬಂದಳು. ಅವಳಿಗೇನೂ ಸಂತೋಷವಾಗಿರಲಿಲ್ಲ, ಸುಳ್ಳು ಯಾಕೆ ಬರೆಯಲಿ. ಏನು ಮಾಡಿದಿರಿ, ಯಾಕೆ ಮಾಡಿದಿರಿ ಅಂತ ಕೇಳಿದಳು. ಕ್ಷಮಿಸು ಅನ್ನಲು ಸ್ಪಂದನಾ ಕಣ್ಣು ಮಾಡಿದಳು. ನಾನು ಯಾಕೆ ಅನ್ನಲಿ? ನಮ್ಮಲ್ಲಿ ಪದದ ನಡುವೆ ಸುಮ್ಮನಾದರೆ ಅದು ಇನ್ನೊಬ್ಬಳ ಸರದಿ, ನೀವು ಹುಡುಗಿಯನ್ನು ಒಂಟಿಯಾಗಿ ನಿಲ್ಲಿಸಿದಿರಿ, ನಾನು ಜೊತೆಗೆ ಹೋದೆ, ಅಷ್ಟೇ, ಹಾಗೆ ಹೇಳು ಅಂದೆ. ಪಾಪ, ಮೊಮ್ಮಗಳು ಇಂಗ್ಲಿಷಿನಲ್ಲಿ ಹೇಳಿದಳು. ಕಿರ್ಸ್ತಿ ನನ್ನ ಪಕ್ಕದಲ್ಲಿ ಕೂತುಬಿಟ್ಟಳು. ಅವಳ ಹಿರಿಯರ ಊರಿನಲ್ಲೂ ಹಿಂದೆ ಹಾಗೇ ಇತ್ತಂತೆ. ಇಬ್ಬರು ಎದುರುಬದುರು ಕೂತು, ಕೈ ಕೈ ಹಿಡಿದುಕೊಂಡು, ಒಬ್ಬರು ಸಾಲು ಹೇಳಿದರೆ ಇನ್ನೊಬ್ಬರು ಅದನ್ನೇ ಎತ್ತಿ ಹೇಳುವುದು. ಈ ಹಾಡು ಕಟ್ಟಿದವರು ಅದನ್ನು ನೆನೆಸಿಕೊಂಡೇ ಕಟ್ಟಿದ್ದಂತೆ. ಮತ್ತೆ ನಡುವೆ ಯಾಕೆ ಸುಮ್ಮನಿದ್ದೀರಿ ಅಂದೆ. 'ಎರಡನೆಯವರು ಈಗಿಲ್ಲ, ಅದಕ್ಕೆ' ಅಂದಳು.

ಆಮೇಲೆ ಎದ್ದು ಹೋಗಿ ಮತ್ತೆ ಮೊದಲಿನಿಂದ ಹಾಡಿಸಿದಳು. ನಾನು ತುಟಿ ಕಚ್ಚಿಕೊಂಡು ಕೂತಿದ್ದೆ. ಎಲ್ಲ ಮುಗಿದ ಮೇಲೆ ಇನ್ನೊಂದು ವಿಚಿತ್ರ ನೋಡಿದೆ. ಯಾರೂ ಏನೂ ಹಾಡದೆ, ಉಸಿರು ಬಿಗಿಹಿಡಿದು ನಿಂತು, ಖಾಲಿ ಚರ್ಚಿನ ಸದ್ದನ್ನೇ ರೆಕಾರ್ಡು ಮಾಡಿಕೊಂಡರು. ಹಾಡು ಹಾಡಿಗೆ ಮಧ್ಯೆ ಜೋಡಿಸಲು ಬೇಕಂತೆ. ಬರೀ ಏನೂ ಇಲ್ಲ ಅಂತ ಬಿಟ್ಟರೆ ಕೇಳುವವರಿಗೆ ಮಿಷನ್ನು ಕೆಟ್ಟ ಹಾಗೆ ಅನ್ನಿಸುತ್ತದೆ, ಅದೇ ಜಾಗದ ಮೌನ ಇಟ್ಟರೆ ಯಾರೋ ಇದ್ದಾರೆ ಅನ್ನಿಸುತ್ತದೆ, ಅಂತ ಆ ಕೋಣೆಯವನು ವಿವರಿಸಿದ. ನಾನು ಆಗ ಕೆಮ್ಮಲೂ ಇಲ್ಲ.

ಕಾಫಿ ಕುಡಿಯುವಾಗ ಸ್ಪಂದನಾ ಹೇಳಿದಳು, ಕಿರ್ಸ್ತಿಯ ಗಂಡ ಹೋದ ಕ್ರಿಸ್‌ಮಸ್ಸಿನಲ್ಲಿ ತೀರಿಕೊಂಡನಂತೆ. ನನಗೆ ಕಾಫಿ ನೆತ್ತಿಗೆ ಹತ್ತಿತು. ವರ್ಷ ತುಂಬಿಲ್ಲ, ದೇವರ ಹಾಡು, ಸಾವಿನ ಹಾಡು, ಸೊಳ್ಳೆ ಹಾಡು ಎಲ್ಲ ನಿಂತು ಹಾಡಿಸುತ್ತಿದ್ದಾಳೆ. ಗಂಡ ಸತ್ತ ವರ್ಷವೇ ಹಾಡುತ್ತೀಯಲ್ಲ, ಯಾರೂ ಬೇಡ ಅನ್ನಲಿಲ್ಲವೇ, ಕೇಳು ಅಂದೆ. ಸ್ಪಂದನಾ ಒದ್ದಾಡಿದಳು. 'ಅಜ್ಜಿ, ಇದನ್ನ ಇಂಗ್ಲಿಷ್‌ನಲ್ಲಿ ಹೇಗೆ ಕೇಳ್ಲಿ, ರೂಡ್ ಆಗತ್ತೆ' ಅಂದಳು. ರೂಡೋ ಗೀಡೋ, ಕೇಳು ಅಂದೆ. ಕೇಳಿದಳು. ಕಿರ್ಸ್ತಿಗೆ ಮೊದಲು ಅರ್ಥವೇ ಆಗಲಿಲ್ಲ. ಮತ್ತೆ ಬಿಡಿಸಿ ಹೇಳಿದ ಮೇಲೆ ನನ್ನ ಮುಖ ನೋಡಿ, 'ಬೇಡ ಅಂತ ಯಾರು ಅನ್ನಬೇಕು?' ಅಂತ ನನಗೇ ತಿರುಗಿ ಕೇಳಿದಳು.

ನಾನು ಮಾತಿನಲ್ಲಿ ಯಾರಿಗಾದರೂ ಸೋತಿದ್ದು ಕಂಡಿದ್ದೀಯಾ? ಅವತ್ತು ಸೋತೆ. ಮನೆಗೆ ಬರುವ ದಾರಿಯುದ್ದಕ್ಕೂ ಹುಡುಕಿದೆ, ಬೇಡ ಅನ್ನುವವರು ಯಾರು ಅಂತ. ನಿನ್ನ ಭಾವನೇ? ಅವರು ಬದುಕಿದ್ದಾಗಲೇ ನನ್ನ ಹಾಡಿಗೆ ಬೇಡ ಅಂದವರಲ್ಲ, ಸತ್ತು ಅನ್ನುತ್ತಾರೆಯೇ? ಊರಿನ ಮುತ್ತೈದೆಯರೇ? ಅವರಲ್ಲಿ ಅರ್ಧ ಜನ ಈಗ ನಮ್ಮ ಸಾಲಿಗೇ ಬಂದಿದ್ದಾರೆ. ಪುರೋಹಿತರೇ? ಅವರನ್ನೂ ಕೇಳಿದ್ದೇನೆ. 'ಶಾಸ್ತ್ರದಲ್ಲಿ ಇದೇನೂ ಇಲ್ಲಮ್ಮ, ನಿಮ್ಮ ಮನೆ ಪದ್ಧತಿ, ಬೇಗ ಮುಗಿಸಿದ್ರೆ ಸಾಕು, ಹಾಲ್ ಟೈಮಿಗೆ ಬಿಡಬೇಕು' ಅಂದರು. ಮದುವೆಗಂಡು ಸುಮುಖನ ಅಮ್ಮನೇ? ಆ ಬೀಗಿತ್ತಿ ಮೈಸೂರಿನವಳು, ಪದ ಅಂದರೆ ವಿಡಿಯೋ ತೆಗೆಯಲು ಕಾಯುತ್ತಿದ್ದಾಳೆ. ಭಾನು ಜನ ಜನ ಅನ್ನುತ್ತಾಳೆ, ಯಾವ ಜನ ಅಂದರೆ ಹೆಸರು ಹೇಳುವುದಿಲ್ಲ. ಹುಡುಕಿ ಹುಡುಕಿ ಕೊನೆಗೆ ಕೈಗೆ ಸಿಕ್ಕಿದವಳು ನೀನೊಬ್ಬಳೇ.

ನೀನು ಯಾಕೆ ಅನ್ನುತ್ತೀಯ ಅಂತಲೂ ನನಗೆ ಗೊತ್ತು. ಶೀತಲ್ ಮದುವೆ. ನಮ್ಮ ತಮ್ಮನ ಮಗಳು ಅಂತ, ಗಂಡ ಹೋದ ಮೇಲೂ ತಡೆಯಲಾರದೆ, ನೀನು ಗುಂಪಿನ ಹಿಂದೆ ನಿಂತು ಪದಕ್ಕೆ ದನಿ ಸೇರಿಸಿದೆ. ವರ್ಷದೊಳಗೆ ಹುಡುಗಿ ಗಂಡನನ್ನು ಬಿಟ್ಟು ಬಂದಳು. ತಮ್ಮನ ಹೆಂಡತಿ ನಿನ್ನ ಕಡೆ ಬೊಟ್ಟು ಮಾಡಿದಳು, ನೀನು ಅದನ್ನು ಇವತ್ತಿನವರೆಗೂ ಹೊತ್ತುಕೊಂಡು ತಿರುಗುತ್ತಿದ್ದೀಯ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಅವತ್ತು ಮುಂದೆ ನಿಂತು ಹಾಡಿದ ಮುತ್ತೈದೆಯರೆಲ್ಲರ ದನಿ ಎಲ್ಲಿ ಹೋಯಿತು? ಅಷ್ಟು ಜನರ ಮಂಗಳವನ್ನು ಹಿಂದೆ ನಿಂತ ನಿನ್ನೊಬ್ಬಳ ಗಂಟಲು ಮುಳುಗಿಸಿತೇ? ಅಷ್ಟು ಬಲ ಇದ್ದಿದ್ದರೆ ನಿನ್ನ ಸೊಸೆಯನ್ನಾದರೂ ಬೆಳಿಗ್ಗೆ ಬೇಗ ಎಬ್ಬಿಸುತ್ತಿದ್ದೆ. ಆ ಹುಡುಗ ಕುಡಿದು ಬಂದು ತಟ್ಟೆ ಎಸೆಯುತ್ತಿದ್ದ, ಅದಕ್ಕೆ ಬಿಟ್ಟು ಬಂದಳು. ನಿನ್ನ ಹಾಡಿನಿಂದ ಬಿಟ್ಟು ಬಂದಿದ್ದರೆ ನಿನಗೆ ರೇಷ್ಮೆ ಸೀರೆ ಉಡಿಸಬೇಕು.

ನಂಜೀ, ನಿನಗಿಂತ ಮೊದಲು ಆ ಮುತ್ತೈದೆಯರ ಸಾಲಿನಿಂದ ಎದ್ದವಳು ನಾನು. ನಿನ್ನ ಗಂಡ ಇನ್ನೂ ಇದ್ದ. ನಮ್ಮ ಮನೆ ದಾಟಿಕೊಂಡು ಹೋಗಿ ನಿನ್ನನ್ನು ಮಾತ್ರ ಕರೆಯುತ್ತಿದ್ದರು. ನೀನು ಪದ ಹೇಳುತ್ತಿದ್ದೆ, ನನ್ನ ಜಾಗದಲ್ಲಿ ಯಾರೋ ಸೊಲ್ಲು ಹಿಡಿಯುತ್ತಿದ್ದಳು, ತಡವಾಗಿ. ನಾನು ಹಿಂದಿನ ಕೋಣೆಯಲ್ಲಿ ಹೋಳಿಗೆ ತಟ್ಟುತ್ತಾ ತುಟಿಯೊಳಗೇ ಸರಿಯಾದ ಹೊತ್ತಿಗೆ ಹಿಡಿಯುತ್ತಿದ್ದೆ. ಒಂದು ಸಲವೂ ನೆಲಕ್ಕೆ ಬೀಳಲು ಬಿಡಲಿಲ್ಲ. ನಿನಗೆ ಕೇಳಿಸುತ್ತಿರಲಿಲ್ಲ, ಅಷ್ಟೇ. ಇನ್ನು ಮೇಲೆ ತುಟಿಯೊಳಗೆ ಹಿಡಿಯುವುದಿಲ್ಲ.

ಸ್ಪಂದನಾ ಏನು ಹೇಳಿದ್ದಾಳೆ ಗೊತ್ತೇ? ಭಾನು ಲ್ಯಾಪ್‌ಟಾಪಿನಲ್ಲಿ ಪದ ಹುಡುಕಿ ಕೇಳಿಸಿದಾಗ, 'ಅಮ್ಮ, ನಾನು ರೂಮಿಂದ ಹೊರಗೇ ಬರಲ್ಲ. ಅಜ್ಜಿ, ಚಿಕ್ಕಜ್ಜಿ ಕರೀಬೇಕು. ಇಬ್ರೂ ಕರೆದ್ರೆ ಬರ್ತೀನಿ' ಅಂದಳು. ಕನ್ನಡದಲ್ಲೇ ಅಂದಳು, ಅವಳಿಗೆ ಸಿಟ್ಟು ಬಂದರೆ ಇಂಗ್ಲಿಷ್ ಬರುತ್ತದೆ, ಅವತ್ತು ಕನ್ನಡ ಬಂತು. ಹೊರಗೆ ಹಸೆ ಬರೆದಿರುತ್ತದೆ, ಗಂಡು ಕೂತಿರುತ್ತಾನೆ, ಹಾಲ್‌ನವನು ಗಡಿಯಾರ ನೋಡುತ್ತಿರುತ್ತಾನೆ, ಹುಡುಗಿ ಒಳಗೆ ಕಾಯುತ್ತಿರುತ್ತಾಳೆ. ಅವಳನ್ನು ಹಾಗೇ ನಿಲ್ಲಿಸುವುದು ಅಪಶಕುನವೋ, ನಾವು ಬಾಯಿ ಬಿಡುವುದು ಅಪಶಕುನವೋ, ನೀನೇ ತೂಗಿ ನೋಡು.

ಇನ್ನೊಂದು ಸಮಾಚಾರ. ಅವತ್ತು ಚರ್ಚಿನಲ್ಲಿ ಮೈಕುಗಳನ್ನೆಲ್ಲ ಎತ್ತಿಡುವ ಮುಂಚೆ ಕಿರ್ಸ್ತಿ ನನ್ನನ್ನು ಕರೆದು ನಡುವೆ ನಿಲ್ಲಿಸಿದಳು. ನಿಮ್ಮ ಊರಿನ ಹಾಡು ಹೇಳಿ, ಕೇಳೋಣ ಅಂದಳು. ಹಸೆಗೆ ಕರೆಯುವ ಪದವನ್ನೇ ಹಾಡಿದೆ. ಗಂಟಲಿಗೇನೂ ಆಗಿಲ್ಲ. ಅವರೆಲ್ಲ ಚಪ್ಪಾಳೆ ತಟ್ಟ ಹೋದರೆ ಆ ಕೋಣೆಯವನು ಬೇಡ ಅಂತ ಕೈ ಆಡಿಸಿದ, ಇನ್ನೂ ರೆಕಾರ್ಡು ಆಗುತ್ತಿತ್ತು. ಹೆಚ್ಚು ಬರೆಯುವುದಿಲ್ಲ. ಸ್ಪಂದನಾ ಅದನ್ನು ಒಂದು ಸಿ.ಡಿ.ಗೆ ಹಾಕಿಕೊಟ್ಟಿದ್ದಾಳೆ, ಇದರೊಳಗೆ ಇಟ್ಟಿದ್ದೇನೆ. ಸುಪ್ರೀತನ ಹಳೆಯ ಕಾರಿನಲ್ಲಿ ಸಿ.ಡಿ. ನುಂಗುವ ಬಾಯಿ ಇದೆ. ಅವನು ಕೆಲಸದಿಂದ ಬಂದ ಮೇಲೆ ಬೀಗದ ಕೈ ಇಸಿದುಕೊಂಡು, ನೀನೊಬ್ಬಳೇ ಹೋಗಿ ಕೂತು ಕೇಳು. ಸ್ಪೀಕರಿನಲ್ಲಿ ಕುಕ್ಕರಿನ ಪಕ್ಕ ಇಡಬೇಡ.

ನಾನು ತೀರ್ಮಾನ ಮಾಡಿಯಾಗಿದೆ. ಮದುವೆಯ ದಿನ ಹಸೆಯ ಮುಂದೆ ಕೂರುತ್ತೇನೆ, ಪಕ್ಕದಲ್ಲಿ ನಿನ್ನ ಜಾಗ ಬಿಟ್ಟುಕೊಂಡು ಕೂರುತ್ತೇನೆ. ಭಾನು ಕಣ್ಣು ಕೆಂಪು ಮಾಡಲಿ, ಅಳಿಯಂದಿರು ಕೆಮ್ಮಲಿ, ಬೀಗರು ವಿಡಿಯೋ ತೆಗೆಯಲಿ. ನೀನು ಬಂದರೂ ಹಾಡುತ್ತೇನೆ, ಬರದಿದ್ದರೂ ಹಾಡುತ್ತೇನೆ. ನನ್ನನ್ನು ಎಬ್ಬಿಸುವವರು ಯಾರು ಅಂತ ನಾನೂ ನೋಡುತ್ತೇನೆ.

ಸುಪ್ರೀತನಿಗೆ ಈ ದೊಡ್ಡಮ್ಮನ ಆಶೀರ್ವಾದ. ಅನುಷಾ ಇಲ್ಲಿಯವರೆಗೆ ಓದಿದ್ದರೆ ಅವಳಿಗೂ ಆಶೀರ್ವಾದ, ಕಿವಿ ಹಿಂಡಿ.

ನಿನ್ನ ಸೊಲ್ಲು ಹಿಡಿಯುವವಳು,
ಅನಸೂಯಕ್ಕ

ಕಾಗದ ಮಡಿಸಿದ ಮೇಲೆ ಮತ್ತೆ ಬಿಚ್ಚಿ ಬರೆದದ್ದು: ಸಿ.ಡಿ. ಹಾಕಿದ ಕೂಡಲೇ ಏನೂ ಕೇಳಿಸುವುದಿಲ್ಲ. ಕೆಟ್ಟಿದೆ ಅಂತ ತೆಗೆದುಬಿಡಬೇಡ. ಅವತ್ತು ಮೈಕಿನ ಮುಂದೆ ನಿಂತಾಗ ನನಗೆ ಮೊದಲ ನುಡಿಯೇ ಬರಲಿಲ್ಲ ಕಣೇ. ಬಾಯಿ ತೆರೆದೆ, ಬರಲಿಲ್ಲ. ಇಷ್ಟು ವರ್ಷವೂ ನೀನು ಹೇಳಿದ ಮೇಲೆ ಹಿಡಿದವಳು ನಾನು, ಒಂದು ನುಡಿಯನ್ನೂ ನಾನಾಗಿ ಎತ್ತಿದವಳಲ್ಲ. ಅಷ್ಟು ಜನ ಕಾಯುತ್ತಿದ್ದರು. ಕಣ್ಣು ಮುಚ್ಚಿದೆ, ನೀನು ಪಕ್ಕದಲ್ಲಿ ಕೂತು ಹೇಳುತ್ತಿದ್ದೀಯ ಅಂದುಕೊಂಡೆ, ನೀನು ಮುಗಿಸುವವರೆಗೆ ಸುಮ್ಮನಿದ್ದು ಸೊಲ್ಲು ಹಿಡಿದೆ. ಮತ್ತೆ ಸುಮ್ಮನಿದ್ದೆ, ಮತ್ತೆ ಹಿಡಿದೆ. ಪದ ಪೂರ್ತಿ ಹಾಗೇ. ನಡುನಡುವೆ ಖಾಲಿ ಇರುವುದೆಲ್ಲ ನಿನ್ನದು, ನೀನು ಹಾಡುವಷ್ಟೇ ಉದ್ದ ಬಿಟ್ಟಿದ್ದೇನೆ, ನೀನು ಉಸಿರೆಳೆದುಕೊಳ್ಳುವ ಕಡೆಯೂ ಸೇರಿಸಿ. ಕಾರಿನ ಬಾಗಿಲು ಹಾಕಿಕೊಂಡು ಹಾಡಿ ನೋಡು, ಸರಿಯಾಗಿ ಕೂರುತ್ತದೆ. ನೀನು ಬರದಿದ್ದರೂ ಹಾಡುತ್ತೇನೆ ಅಂತ ಮೇಲೆ ಬರೆದಿರುವುದು ಬರೀ ಬಾಯಿಬಡಾಯಿ, ಹೊಡೆದುಹಾಕಲು ಮನಸ್ಸಾಗದೆ ಬಿಟ್ಟಿದ್ದೇನೆ. ಬರುತ್ತೀಯೋ ಇಲ್ಲವೋ, ಜೂನ್ ಹುಟ್ಟುವುದರೊಳಗೆ ನಿನ್ನ ಕೈಯಾರೆ ಬರೆದು ಹಾಕು. ಫೋನು ಮಾಡಿದರೆ ಎತ್ತುವುದಿಲ್ಲ.